ತಂದೆಯ ನಾಡಿಗೆ ಬೀಜವಿತ್ತ ವಿಜ್ಞಾನಿ

ಕೊರಿಯಾದ ತಂದೆಗೂ ಜಪಾನಿನ ತಾಯಿಗೂ 1898ರಲ್ಲಿ ಟೋಕಿಯೋದಲ್ಲಿ ಜನಿಸಿದ ಊ ಜಾಂಗ್‌ಚುನ್, ಐದರ ಎಳವೆಯಲ್ಲೇ ತಂದೆಯನ್ನು ಹಂತಕರಿಂದ ಕಳೆದುಕೊಂಡರು. ತಾಯಿ ಬಡತನದಲ್ಲಿ ಸಲಹಿದರು. 10 ಜೋಡಿ ವರ್ಣತಂತುಗಳ ಟರ್ನಿಪ್ ಜಾತಿಯೂ 9 ಜೋಡಿಯ ಎಲೆಕೋಸಿನ ಜಾತಿಯೂ ಬೆರೆತು 19 ಜೋಡಿಯ ಹೊಸ ಜಾತಿಯೇ ಉದಯಿಸಬಲ್ಲುದೆಂದು 1935ರಲ್ಲಿ ಅವರು ತೋರಿಸಿಕೊಟ್ಟರು.

ಜಪಾನಿನ ಆಳ್ವಿಕೆ 1945ರಲ್ಲಿ ಮುಗಿದಾಗ, ಅಲ್ಲಿಂದಲೇ ಬೀಜ ತರಿಸುತ್ತಿದ್ದ ಕೊರಿಯಾದಲ್ಲಿ ಕೋಸು, ಮೂಲಂಗಿಗಳ ಬಿತ್ತನೆಗೂ ಬರ ಬಂದಿತು. 1950ರಲ್ಲಿ ಊ ಅವರು ಹೆಂಡತಿ ಮಕ್ಕಳನ್ನು ಜಪಾನಿನಲ್ಲೇ ಬಿಟ್ಟು ಬುಸಾನಿಗೆ ತೆರಳಿ, ಉತ್ತಮ ಬೀಜಗಳನ್ನು ಸಿದ್ಧಪಡಿಸತೊಡಗಿದರು. ಆ ತ್ಯಾಗದ ದೊಡ್ಡ ಪಾಲು ಪತ್ನಿಯದೆಂದೇ ನಾವು ಭಾವಿಸುತ್ತೇವೆ.

1953ರಲ್ಲಿ ತಾಯಿ ತೀರಿಕೊಂಡಾಗ, ಅಂತ್ಯಕ್ರಿಯೆಗೆ ಹೋಗಲು ಕೊರಿಯಾ ಸರಕಾರ ಅನುಮತಿಸಲಿಲ್ಲ. ಸಂತಾಪವಾಗಿ ಬಂದ ಹಣದಿಂದ ಅವರು ಸಂಶೋಧನಾಲಯದ ಆವರಣದಲ್ಲಿ ತಾಯಿಯ ನೆನಪಿಗೆ ಬಾವಿಯೊಂದನ್ನು ತೋಡಿಸಿದರು. ಕೊರಿಯಾದ ಸಂಸ್ಕೃತಿ ಪದಕ ಅವರ ಕೈಸೇರಿದ್ದು 1959ರ ಆಗಸ್ಟಿನಲ್ಲಿ, ಮರಣಶಯ್ಯೆಯಲ್ಲಿ.