ಆಟದ ಬಯಲಿನ ಗುರು ಸಂತ ಜಾನ್ ಬೋಸ್ಕೊ

ಜನವರಿ 31 ಸಂತ ಜಾನ್ ಬೋಸ್ಕೊ ಅವರ ಹಬ್ಬ. ಅನಾಥ ಬಾಲಕರ ತಂದೆಯೆಂದು, ಸಲೇಶಿಯನ್ ಸಭೆಯ ಸ್ಥಾಪಕರೆಂದು ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ ಹಾಡು, ನಾಟಕ, ಆಟಗಳನ್ನು ಶಾಲೆಯ ಅಂಚಿನಿಂದ ತಂದು ಅದರ ಹೃದಯದಲ್ಲಿ ಇರಿಸಿದ ಶಿಕ್ಷಕರೆಂದು ಅವರನ್ನು ಸ್ಮರಿಸುವವರು ವಿರಳ.

1815ರ ಆಗಸ್ಟ್ 16ರಂದು ಇಟಲಿಯ ಪೀಡ್ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಹಳ್ಳಿಯಲ್ಲಿ ಬಡ ರೈತ ಕುಟುಂಬದಲ್ಲಿ ಅವರು ಜನಿಸಿದರು. ಎರಡು ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡರು. ಮಲಸಹೋದರ ಆಂಟೋನಿಯೊಗೆ ಹೊಲದ ದುಡಿಮೆಯ ಮುಂದೆ ಓದು ವ್ಯರ್ಥವೆನಿಸಿತ್ತು. ತಾಯಿ ಮಾರ್ಗರೀಟ ಅಕ್ಷರವನ್ನರಿಯದವರು. ಆದರೂ ಮಗನಲ್ಲಿ ದೇವರು ಬಿತ್ತಿದ್ದನ್ನು ಗುರುತಿಸಬಲ್ಲವರಾಗಿದ್ದರು. ಬಾಲಕ ಜಾನ್ ಸಂತೆ ಜಾತ್ರೆಗಳಲ್ಲಿ ದೊಂಬರಾಟ, ಕಣ್ಕಟ್ಟುಗಳನ್ನು ನೋಡಿ ಕಲಿತು, ಹಗ್ಗದ ಮೇಲೆ ನಡೆದು ನೆರೆಹೊರೆಯವರನ್ನು ರಂಜಿಸುತ್ತಿದ್ದ. ತಾಯಿ ಅದನ್ನು ತಡೆಯಲಿಲ್ಲ. ನೋಡಲು ಬಂದವರು ತೆರಬೇಕಾದ ಶುಲ್ಕ ಇಷ್ಟೇ: ಅವನೊಡನೆ ಜಪಸರ ಹೇಳುವುದು, ಗುಡಿಯಲ್ಲಿ ಕೇಳಿದ ಪ್ರಬೋಧನೆಯನ್ನು ಅವನ ಬಾಯಿಂದ ಮತ್ತೊಮ್ಮೆ ಕೇಳುವುದು.

ಕಿಯೇರಿ ಪಟ್ಟಣದಲ್ಲಿ ಓದುವಾಗ ಸಹಪಾಠಿಗಳನ್ನು ಕೂಡಿಸಿ ಅವರು ಸಂತೋಷ ಸಂಘವೊಂದನ್ನು ಕಟ್ಟಿದರು. 1841ರ ಜೂನ್ 5ರಂದು ಗುರುದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದರು. ಹಳ್ಳಿಗಳಿಂದ ದುಡಿಮೆ ಅರಸಿ ಬಂದ ಹುಡುಗರಿಂದ ನಗರ ತುಂಬಿತ್ತು. ಸೆರೆಮನೆಗಳಲ್ಲಿ ಕಂಡ ಎಳೆಯರ ಸ್ಥಿತಿ ಅವರನ್ನು ತಲ್ಲಣಗೊಳಿಸಿತು. ಆದರಿಸುವ ಒಬ್ಬ ಹಿರಿಯನಿದ್ದಿದ್ದರೆ ಇವರಲ್ಲಿ ಅನೇಕರು ಇಲ್ಲಿರುತ್ತಿರಲಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. ಹಲವೆಡೆ ಅಲೆದು, 1846ರ ಈಸ್ಟರ್ ಹಬ್ಬದಂದು ವಾಲ್ಡೊಕ್ಕೊದ ಒಂದು ಕೊಟ್ಟಿಗೆಯಲ್ಲಿ ತಮ್ಮ ಬಾಲಕರೊಡನೆ ನೆಲೆಯೂರಿದರು.

ದಿನವಿಡೀ ಕಲ್ಲುಮಣ್ಣು ಹೊತ್ತು ದಣಿದ ಹುಡುಗರಿಗೆ ಅಲ್ಲಿ ರಾತ್ರಿಶಾಲೆ ನಡೆಯಿತು. ಓದು ಬರಹ ಲೆಕ್ಕಗಳ ಜೊತೆಗೆ ಸಂಗೀತವೂ ಪಾಠವಾಗಿತ್ತು. 1850ರಿಂದ ಪೀಡ್ಮಾಂಟ್‌ನಲ್ಲಿ ಹಳೆಯ ಅಳತೆ ತೂಕಗಳ ಬದಲು ದಶಮಾಂಶ ಪದ್ಧತಿ ಕಡ್ಡಾಯವಾಗಲಿತ್ತು. ಹೊಸ ಲೆಕ್ಕ ತಿಳಿಯದ ಬಡವನು ಅಂಗಡಿಯಲ್ಲಿ ಸುಲಭವಾಗಿ ಮೋಸಹೋಗುತ್ತಾನೆ. ಬೋಸ್ಕೊ ಅವರು ಅದರ ಬಗ್ಗೆ ಪುಸ್ತಕ ಬರೆದುದಲ್ಲದೆ, ಮೀಟರು ಲೀಟರುಗಳನ್ನೇ ವಿಷಯವಾಗಿಸಿ ಹಾಸ್ಯ ಸಂಭಾಷಣೆಗಳನ್ನು ರಚಿಸಿ, 1849ರಲ್ಲಿ ಹುಡುಗರಿಂದಲೇ ಆಡಿಸಿದರು. ಗಣಿತವು ರಂಗದ ಮೇಲೆ ನಗುನಗುತ್ತಾ ಮನಸ್ಸಿಗಿಳಿಯಿತು.

ಕಲಿಕೆಯ ಮೂಲಕಾರಣ ವಿದ್ಯಾರ್ಥಿಯ ಒಳಗಿನ ಬೆಳಕೇ ಎಂದು ಸಂತ ತೋಮಸ್ ಅಕ್ವಿನಾಸರು ವಾದಿಸಿದ್ದಾರೆ. ವೈದ್ಯನು ದೇಹದ ಸ್ವಂತ ಶಕ್ತಿಗೆ ನೆರವಾಗಿ ರೋಗ ನೀಗಿಸುವಂತೆ, ಗುರುವು ಶಿಷ್ಯನ ಬುದ್ಧಿಗೆ ನೆರವಾಗುತ್ತಾನೆ. ಅದನ್ನು ಹೊರಗಿನಿಂದ ತುಂಬಲಾರನು. ಈ ತತ್ವವನ್ನು ಬೋಸ್ಕೊ ಅವರು ಆಟದ ಬಯಲಿನಲ್ಲಿ ಬಾಳಿ ತೋರಿಸಿದರು. 1851ರಲ್ಲಿ ಅವರ ಬಳಿಗೆ ಬಂದ ಹದಿಮೂರರ ಹರೆಯದ ಕಲಿಯೇರೊ ಎಂಬ ತುಂಟ ಬಾಲಕ ಸಂಗೀತದಲ್ಲಿ ತನ್ನನ್ನು ಕಂಡುಕೊಂಡ. ಮುಂದೆ ಸ್ವರರಚನಕಾರನಾಗಿ, 1875ರಲ್ಲಿ ಅರ್ಜೆಂಟೀನಾಕ್ಕೆ ತೆರಳಿದ ಮೊದಲ ಸಲೇಶಿಯನ್ ತಂಡದ ನಾಯಕನಾಗಿ, ಧರ್ಮಾಧ್ಯಕ್ಷನಾಗಿ, 1915ರಲ್ಲಿ ಕಾರ್ಡಿನಲ್ ಆಗಿ ಬೆಳೆದ.

ಇದು ಕಟ್ಟಿಲ್ಲದ ಸ್ವಾತಂತ್ರ್ಯವಾಗಿರಲಿಲ್ಲ. ನಾಟಕ ಹಾಡುಗಳಿಗೂ ಅಲ್ಲಿ ನಿಯಮಗಳಿದ್ದವು. ಆದರೆ ನಿಯಮದ ಹಿಂದೆ ಬೆತ್ತವಿರಲಿಲ್ಲ. ವಿವೇಕ, ಧರ್ಮ, ವಾತ್ಸಲ್ಯ ಈ ಮೂರೂ ತಮ್ಮ ಶಿಕ್ಷಣದ ಆಧಾರವೆಂದು 1877ರಲ್ಲಿ ಅವರು ಬರೆದರು.

ಅಚ್ಚರಿಯೆಂದರೆ, ಅವರ ಸ್ವಂತ ಶಾಲೆಯೇ ಅವರ ಕಣ್ಣೆದುರು ಬಾಡತೊಡಗಿತು. ಸಂಸ್ಥೆ ದೊಡ್ಡದಾಯಿತು, ಶಿಸ್ತು ಬಿಗಿಯಾಯಿತು. 1884ರ ಮೇ ತಿಂಗಳಲ್ಲಿ ರೋಮ್‌ನಿಂದ ಬರೆದ ಪತ್ರದಲ್ಲಿ ವೃದ್ಧ ಬೋಸ್ಕೊ ಅವರು ತಾವು ಕಂಡ ಕನಸೊಂದನ್ನು ನೋವಿನಿಂದ ವಿವರಿಸಿದರು. ಹಿಂದಿನ ಬಯಲಿನಲ್ಲಿ ಹಾಡು, ನಗೆ, ಓಟ, ಮಕ್ಕಳ ನಡುವೆ ಗುರುಗಳು. ಈಗಿನ ಬಯಲಿನಲ್ಲಿ ಬೇಸರ, ಮೌನ, ಕಂಬಕ್ಕೊರಗಿ ನಿಂತ ಹುಡುಗರು, ದೂರದಲ್ಲಿ ತಮ್ಮಷ್ಟಕ್ಕೆ ಮಾತನಾಡುವ ಹಿರಿಯರು. ಪ್ರೀತಿಸಿದರಷ್ಟೇ ಸಾಲದು, ಆ ಪ್ರೀತಿ ಮಕ್ಕಳಿಗೆ ಅರಿವಾಗಬೇಕೆಂಬುದೇ ಆ ಪತ್ರದ ಸಾರ. ಹೊಸ ವಾದ್ಯಗಳನ್ನಾಗಲಿ ಹೊಸ ಪಠ್ಯವನ್ನಾಗಲಿ ಅವರು ಕೇಳಲಿಲ್ಲ. ಗುರುಗಳು ಮರಳಿ ಬಯಲಿಗಿಳಿಯಲೆಂದು ಕೇಳಿದರು.

1888ರ ಜನವರಿ 31ರಂದು ಅವರು ದೈವಾಧೀನರಾದರು. 1934ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಅವರಿಗೆ ಸಂತ ಪದವಿ ನೀಡಿದರು. 1906ರಲ್ಲಿ ತಂಜಾವೂರಿಗೆ ಬಂದ ಅವರ ಮಕ್ಕಳು ಭಾರತದಲ್ಲಿಯೂ ಈ ಪರಂಪರೆಯನ್ನು ನೆಟ್ಟರು.

ತಂದೆತಾಯಿಗಳೇ, ಹಾಡುವ, ಚಿತ್ರ ಬರೆಯುವ ಮಗುವನ್ನು ಪರೀಕ್ಷೆಯ ಭಯದಿಂದ ಸುಮ್ಮನಾಗಿಸುವ ಮುನ್ನ ಮಾರ್ಗರೀಟ ತಾಯಿಯನ್ನು ನೆನೆಯೋಣ. ಪ್ರಭು ಯೇಸುವಿನ ಸಾಮತಿಯಲ್ಲಿ ಸೇವಕನು ತಲೆಂತನ್ನು ಮಣ್ಣಿನಲ್ಲಿ ಹೂತಿಟ್ಟದ್ದು ಸೋಮಾರಿತನದಿಂದ ಮಾತ್ರವಲ್ಲ, ಯಜಮಾನನ ಮೇಲಿನ ಭಯದಿಂದಲೂ ಹೌದು. ನಮ್ಮ ಮಕ್ಕಳು ನಮಗೆ ಹೆದರಿ ತಮ್ಮದನ್ನು ಹೂತಿಡದಿರಲಿ.