ನಮ್ಮ ಪುಣೆಯ ಗಣಿತಜ್ಞ ದಾಮೋದರ ಕೋಸಂಬಿ

ಪುಣೆಯಲ್ಲಿ ಮನೆ, ಮುಂಬಯಿಯಲ್ಲಿ ಕೆಲಸ, ನಡುವೆ ಡೆಕ್ಕನ್ ಕ್ವೀನ್. ಈ ದಿನಚರಿ ನಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಇದೇ ರೈಲಿನಲ್ಲಿ ವರ್ಷಗಟ್ಟಲೆ ಓಡಾಡಿದ ಒಬ್ಬ ಗಣಿತಜ್ಞರ ಬಗ್ಗೆ ಈ ಸಂಚಿಕೆಯಲ್ಲಿ ಬರೆಯಬೇಕೆನಿಸಿತು. ಅವರು ದಾಮೋದರ ಧರ್ಮಾನಂದ ಕೋಸಂಬಿ. ಇತಿಹಾಸ ಓದಿದವರಿಗೆ ಅವರು ಇತಿಹಾಸಕಾರರು. ಆದರೆ ಅವರ ಹೊಟ್ಟೆಪಾಡಿನ ವೃತ್ತಿ, ಮೊದಲ ಪ್ರೀತಿ ಎರಡೂ ಗಣಿತವೇ.

ಕೋಸಂಬಿಯವರು ಹುಟ್ಟಿದ್ದು 1907ರ ಜುಲೈ 31ರಂದು, ಗೋವಾದಲ್ಲಿ. ತಂದೆ ಧರ್ಮಾನಂದರು ಹೆಸರಾಂತ ಪಾಲಿ ಮತ್ತು ಬೌದ್ಧ ವಿದ್ವಾಂಸರು, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಪಾಲಿ ಕಲಿಸಿದವರು. 1918ರಲ್ಲಿ ತಂದೆಯೊಂದಿಗೆ ಅಮೆರಿಕಕ್ಕೆ ಹೋದ ಹುಡುಗ 1929ರಲ್ಲಿ ಹಾರ್ವರ್ಡ್‌ನ ಪದವೀಧರನಾಗಿ ಮರಳಿದ. ಮೊದಲು ಕಾಶಿ, ಆಮೇಲೆ ಫ್ರೆಂಚ್ ಗಣಿತಜ್ಞ ಆಂದ್ರೆ ವೇಯ್ ಅವರ ಕರೆಯ ಮೇಲೆ ಅಲೀಗಢ. 1931ರಲ್ಲಿ ನಳಿನಿ ಮಡಗಾಂವಕರ್ ಅವರೊಂದಿಗೆ ಮದುವೆಯಾಯಿತು. ಮುಂದೆ ಅಪ್ಪ ಪಾಠ ಹೇಳಿದ ಫರ್ಗ್ಯೂಸನ್ ಕಾಲೇಜಿನಲ್ಲೇ ಮಗ ಗಣಿತದ ಅಧ್ಯಾಪಕರಾದರು. 1934ರಲ್ಲಿ ರಾಮಾನುಜನ್ ಸ್ಮಾರಕ ಬಹುಮಾನವೂ ಬಂತು.

ಅವರ ಗಣಿತ ಯಾವುದರ ಬಗ್ಗೆ? ನನಗೆ ಅರ್ಥವಾದಂತೆ ಹೇಳುತ್ತೇನೆ. ಸ್ವಾರಗೇಟಿನಿಂದ ಡೆಕ್ಕನ್ ಜಿಮಖಾನಾಕ್ಕೆ ಅತಿ ಹತ್ತಿರದ ದಾರಿ ಯಾವುದು ಎಂದು ಹುಡುಕುವುದು ಒಂದು ಬಗೆಯ ಲೆಕ್ಕ. ದೂರ, ಸಮಯ, ಖರ್ಚು ಇವುಗಳಲ್ಲಿ ಯಾವುದನ್ನು ಕಡಿಮೆ ಮಾಡಬೇಕೆಂದು ಮೊದಲೇ ಗೊತ್ತಿರುತ್ತದೆ, ದಾರಿ ಹುಡುಕಬೇಕು. ಇಂದು ಆಪ್ಟಿಮೈಸೇಶನ್ ಎಂದು ಕರೆಯುವ ಶಾಸ್ತ್ರದ ಹಳೆಯ ಬೇರು ಇಲ್ಲಿದೆ. ಕೋಸಂಬಿಯವರು ಪ್ರಶ್ನೆಯನ್ನು ತಿರುಗಿಸಿ ಹಾಕಿಕೊಂಡರು. ದಾರಿಗಳು ಕಣ್ಣೆದುರಿಗಿವೆ, ಹಾಗಾದರೆ ಅವು ಉಳಿಸುತ್ತಿರುವುದು ಏನನ್ನು? ನೆರೆಮನೆಯಾಕೆ ದಿನವೂ ಸುತ್ತು ಬಳಸಿ ತರಕಾರಿ ಮಂಡಿಗೆ ಹೋಗುತ್ತಿದ್ದರೆ, ಆಕೆ ಉಳಿಸುತ್ತಿರುವುದು ದೂರವನ್ನಲ್ಲ, ಬಿಸಿಲನ್ನೋ ಟ್ರಾಫಿಕ್ಕನ್ನೋ ತಪ್ಪಿಸುತ್ತಿದ್ದಾರೆ ಎಂದು ನಾವು ಊಹಿಸುತ್ತೇವಲ್ಲ, ಹಾಗೆ. ಎಲ್ಲ ದಾರಿಗಳ ಹಿಂದೆಯೂ ಇಂಥ ಒಂದು ನಿಯಮ ಇರಲೇಬೇಕೆಂದಿಲ್ಲ. ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎನ್ನುವುದೇ ಕಷ್ಟದ ಭಾಗ. 1930ರ ದಶಕದ ಈ ಕೆಲಸವನ್ನು ಫ್ರಾನ್ಸಿನ ಎಲಿ ಕಾರ್ತಾನ್, ಅನಂತರ ಚೀನಾದ ಚೆರ್ನ್ ಮುಂದುವರಿಸಿದರು. ಮೂವರ ಹೆಸರಿನಲ್ಲಿ ಆ ಸಿದ್ಧಾಂತ ಇಂದಿಗೂ ಬಳಕೆಯಲ್ಲಿದೆ.

1943ರಲ್ಲಿ ಅವರು ಇನ್ನೊಂದು ಮುಖ್ಯ ಪ್ರಬಂಧ ಬರೆದರು. ಪುಣೆಯ ಒಂದು ದಿನದ ತಾಪಮಾನವನ್ನು ಗೆರೆಯಾಗಿ ಬರೆದರೆ ಪ್ರತಿದಿನದ ಗೆರೆಯೂ ಬೇರೆ. ಸಾವಿರ ದಿನಗಳ ಸಾವಿರ ಗೆರೆಗಳನ್ನು ನಾಲ್ಕೈದು ಮೂಲ ಗೆರೆಗಳ ಮಿಶ್ರಣವಾಗಿ ಹೇಳಬೇಕು, ಆಗುವ ತಪ್ಪು ಸರಾಸರಿಯಲ್ಲಿ ಅತಿ ಕಡಿಮೆ ಇರಬೇಕು. ಅಂಥ ಮೂಲ ಗೆರೆಗಳನ್ನು ಆರಿಸುವ ಬಗೆಗೆ ಆ ಪ್ರಬಂಧ ದಾರಿ ತೋರಿತು. ಕೆಲವೇ ವರ್ಷಗಳಲ್ಲಿ ಕರ್ಹುನೆನ್ ಮತ್ತು ಲೋಯೆವ್ ಎಂಬವರೂ ಇದೇ ವಿಷಯವನ್ನು ಸ್ವತಂತ್ರವಾಗಿ ಕಂಡುಕೊಂಡರು. ಬಹುಕಾಲ ಅವರಿಬ್ಬರ ಹೆಸರಷ್ಟೇ ಚಲಾವಣೆಯಲ್ಲಿತ್ತು. ಈಗ ಹಲವರು ಕೋಸಂಬಿಯವರ ಹೆಸರನ್ನೂ ಸೇರಿಸಿ ಹೇಳುತ್ತಾರೆ.

ಲೆಕ್ಕವನ್ನು ಅವರು ಕಾಗದದಲ್ಲೇ ಬಿಡಲಿಲ್ಲ. ವರ್ಣತಂತುವಿನ ಮೇಲೆ ವಂಶವಾಹಿಗಳ ನಡುವಿನ ಅಂತರ ಅಳೆಯಲು ಅವರು ಕೊಟ್ಟ ಸೂತ್ರವನ್ನು ಬೆಳೆಗಳ ತಳಿ ಸಂಶೋಧಕರು ಇಂದಿಗೂ ಬಳಸುತ್ತಾರೆ. ಪ್ರಾಚೀನ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರು. ಕೈಯಿಂದ ಕೈಗೆ ಹೋದಷ್ಟೂ ನಾಣ್ಯ ಸವೆಯುತ್ತದೆ. ಸರಾಸರಿ ತೂಕ ಇಳಿಯುತ್ತದೆ, ತೂಕಗಳ ಏರುಪೇರು ಹೆಚ್ಚುತ್ತದೆ. ಈ ಸವೆತದಿಂದಲೇ ಯಾವ ನಾಣ್ಯ ಹೆಚ್ಚು ಕಾಲ ಚಲಾವಣೆಯಲ್ಲಿತ್ತು ಎಂದು ತಿಳಿಯಬಹುದು. ಇಲ್ಲಿಯೂ ಗುರುತಿನಿಂದ ಕಾರಣಕ್ಕೆ ಹೋಗುವ ಅದೇ ತಿರುಗು ನಡಿಗೆ.

ನಾಣ್ಯ ಹೊರಡಿಸಿದವರು ಯಾರು ಎಂಬ ಕುತೂಹಲ ಅವರನ್ನು ಸಂಸ್ಕೃತಕ್ಕೂ ಇತಿಹಾಸಕ್ಕೂ ಕರೆದೊಯ್ದಿತು. ನಮ್ಮ ಅಜ್ಜಂದಿರು ಬಾಯಿಪಾಠ ಹೇಳುತ್ತಿದ್ದ ಭರ್ತೃಹರಿಯ ಶತಕಗಳನ್ನು ಹಲವಾರು ಹಸ್ತಪ್ರತಿಗಳನ್ನು ಹೋಲಿಸಿ 1948ರಲ್ಲಿ ಸಂಪಾದಿಸಿದರು. 1956ರಲ್ಲಿ ಭಾರತೀಯ ಇತಿಹಾಸದ ಅಧ್ಯಯನಕ್ಕೆ ಪ್ರವೇಶಿಕೆಯಾಗಿ ಬರೆದ ಗ್ರಂಥ ರಾಜರ ಪಟ್ಟಿಯನ್ನು ಬಿಟ್ಟು ಜನರ ಬದುಕಿನ ಕಡೆ ನೋಡಿತು. ಪುಣೆಯ ಸುತ್ತಲಿನ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಕಲ್ಲಿನ ಸಣ್ಣ ಆಯುಧಗಳನ್ನು ಆಯ್ದರು. ಹಳ್ಳಿಯ ಕುಂಕುಮ ಹಚ್ಚಿದ ದೇವಿಯರ ಕಲ್ಲುಗಳು ಹಳೆಯ ಕಾಲುದಾರಿಗಳು ಕೂಡುವಲ್ಲಿ ಏಕಿವೆ ಎಂದು ಕೇಳಿದರು. ನಾವು ಕೈಮುಗಿದು ಮುಂದೆ ಹೋಗುವ ಕಲ್ಲು ಅವರಿಗೆ ಸಾಕ್ಷಿಯಾಗಿ ಕಂಡಿತು.

1945ರಲ್ಲಿ ಹೋಮಿ ಭಾಭಾ ಅವರನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆದರು. ಡೆಕ್ಕನ್ ಕ್ವೀನ್ ಪ್ರಯಾಣದ ಕಾಲ ಅದು. ಆದರೆ ಮುಂದೆ ಸಂಬಂಧ ಹಳಸಿತು. ಅಣುಶಕ್ತಿಗಿಂತ ಸೌರಶಕ್ತಿ ನಮ್ಮ ದೇಶಕ್ಕೆ ತಕ್ಕದ್ದು ಎಂದು ಬಹಿರಂಗವಾಗಿ ವಾದಿಸಿದರು. ವಿಶ್ವಶಾಂತಿ ಚಳವಳಿಯಲ್ಲಿ ತೊಡಗಿದರು. ಅದರ ಮೇಲೆ, ಅವಿಭಾಜ್ಯ ಸಂಖ್ಯೆಗಳ ಕುರಿತ ರೀಮಾನ್ ಊಹೆಯನ್ನು ಸಂಭವನೀಯತೆಯ ದಾರಿಯಿಂದ ಸಾಧಿಸಿದ್ದೇನೆಂದು ನಂಬಿ, ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾಧನೆ ನಿಲ್ಲಲಿಲ್ಲ. 1962ರಲ್ಲಿ ಅವರ ಒಪ್ಪಂದ ನವೀಕರಣವಾಗಲಿಲ್ಲ.

ಈ ಭಾಗ ಬರೆಯುವಾಗ ನನಗೆ ಕಸಿವಿಸಿಯಾಗುತ್ತದೆ. ಆ ಸಾಧನೆ ತಪ್ಪೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕೊನೆಯ ಆ ಒಂದು ತಪ್ಪು ಅವರ ಹಿಂದಿನ ಗಟ್ಟಿ ಗಣಿತವನ್ನೂ ಮಸುಕು ಮಾಡಿತು. ಒಳ್ಳೆಯ ಕೆಲಸವನ್ನೂ ತಪ್ಪನ್ನೂ ಬೇರೆ ಬೇರೆ ತೂಗುವ ತಾಳ್ಮೆಯನ್ನು ನಾಣ್ಯಗಳಿಗೆ ತೋರಿಸಿದವರು ಅವರು. ಅದೇ ತಾಳ್ಮೆ ಅವರಿಗೂ ಸಲ್ಲಬೇಕಿತ್ತು.

1966ರ ಜೂನ್ 29ರಂದು ಪುಣೆಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 58. 2008ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರತಂದಿತು. ಮಗಳು ಮೀರಾ ಕೋಸಂಬಿ ಸಮಾಜಶಾಸ್ತ್ರಜ್ಞೆಯಾದರು. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ದುಡಿದ ಪಂಡಿತಾ ರಮಾಬಾಯಿಯವರ ಬರಹಗಳನ್ನು ಇಂಗ್ಲಿಷಿನಲ್ಲಿ ಓದುಗರಿಗೆ ತಲುಪಿಸಿದರು. ನಮ್ಮ ವೇದಿಕೆಯ ಓದುಗೂಟದಲ್ಲಿ ಮೊದಲು ರಮಾಬಾಯಿಯವರನ್ನು, ಆಮೇಲೆ ಕೋಸಂಬಿಯವರನ್ನು ಓದಲು ಕೂರೋಣ ಎಂಬುದು ನನ್ನ ಕೋರಿಕೆ. ಲೆಕ್ಕ ಬರುವ ಮಕ್ಕಳನ್ನೂ ಕರೆತನ್ನಿ.