ಏಳು ತಂತಿಯ ಪಿಟೀಲು

ಕಾವೇರಿ ಕಪಿಲೆಯರು ಕೂಡುವೆಡೆಯಲ್ಲಿ ತಿರುಮಕೂಡಲು ಎಂಬ ಪುಣ್ಯಕ್ಷೇತ್ರವಿದೆ. ಮೈಸೂರು ಜಿಲ್ಲೆಗೆ ಸೇರಿದ ಈ ಊರಿನಲ್ಲಿ 1895ರಲ್ಲಿ ಚೌಡಯ್ಯನವರು ಜನಿಸಿದರು. ಊರಿನ ಹೆಸರು ವ್ಯಕ್ತಿಯ ಹೆಸರಿನೊಡನೆ ಬೆರೆತು, ಟಿ. ಚೌಡಯ್ಯ ಎಂದು ದಕ್ಷಿಣ ದೇಶಕ್ಕೆಲ್ಲ ಪರಿಚಿತವಾಯಿತು.

ಎಳವೆಯಲ್ಲಿಯೇ ಸಂಗೀತದ ಒಲವಿದ್ದ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಕೈಗೊಂಡರು. ಕೃಷ್ಣಪ್ಪನವರು ದೊಡ್ಡ ಗಾಯಕರು. ಶಿಸ್ತಿನಲ್ಲಿ ಬಲು ಕಠಿಣರು. ಅಂಥ ಗುರುಗಳ ಗಾಯನಕ್ಕೆ ಪಿಟೀಲು ನುಡಿಸುತ್ತ ಚೌಡಯ್ಯನವರ ವಿದ್ಯೆ ಪಕ್ವವಾಯಿತು.

ಆ ಕಾಲದ ಸಭೆಗಳಲ್ಲಿ ಒಳ್ಳೆಯ ಧ್ವನಿವರ್ಧಕಗಳಿರಲಿಲ್ಲ. ಗಾಯಕರ ತುಂಬು ಕಂಠವೂ ಮೃದಂಗದ ನಾದವೂ ದೂರದವರೆಗೆ ಮುಟ್ಟುತ್ತಿದ್ದವು. ಪಿಟೀಲಿನ ಸಣ್ಣ ದನಿ ಮಾತ್ರ ನಡುವೆಯೇ ಕರಗಿಹೋಗುತ್ತಿತ್ತು. ಹಿಂದಿನ ಸಾಲಿನವನೂ ಮುಂದಿನ ಸಾಲಿನವನಷ್ಟೇ ರಸಿಕನಲ್ಲವೆ? ಅವನಿಗೆ ಕೇಳಿಸದ ಸಂಗೀತದಿಂದ ಅವನಿಗೇನು ಫಲ? ಈ ಕೊರತೆಯನ್ನು ನೀಗುವ ಬಗೆಯನ್ನು ಚೌಡಯ್ಯನವರು ವಾದ್ಯದೊಳಗೇ ಹುಡುಕಿದರು.

ಪಿಟೀಲಿಗೆ ನಾಲ್ಕು ತಂತಿಗಳಷ್ಟೆ. ಸುಮಾರು 1927ರ ವೇಳೆಗೆ ಅವರು ಅದಕ್ಕೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಜೋಡಿ ತಂತಿಗಳು ಕಮಾನಿನ ಒಂದೇ ಎಳೆತಕ್ಕೆ ಒಟ್ಟಿಗೆ ನುಡಿದು, ನಾದವು ತುಂಬಿ ಹರಿಯಿತು.

ಮೂರು ತಂತಿ ಬಿಗಿದೊಡನೆ ಕೆಲಸ ಮುಗಿಯಿತೆಂದು ಬಗೆಯಬೇಡಿ. ತಂತಿ ಹೆಚ್ಚಿದಂತೆ ಬಿರಡೆಗಳೂ ಹೆಚ್ಚಬೇಕು. ಕುದುರೆಯ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ. ಒಂದೇ ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು. ಜೋಡಿಯಲ್ಲಿ ಒಂದರ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಅಪಸ್ವರ ಕಿವಿಗೆ ಚುಚ್ಚುತ್ತದೆ. ತುಂಬಿದ ಸಭೆಯಲ್ಲಿ ಹೊಸ ವಾದ್ಯ ಕೈಕೊಟ್ಟರೆ ಕೆಡುವುದು ತನ್ನ ಹೆಸರೊಂದೇ ಅಲ್ಲ, ಗಾಯಕರ ಕಛೇರಿಯೂ ಕೆಡುತ್ತದೆ. ಈ ಹೊಣೆಯನ್ನು ಅರಿತು, ಸತತ ಸಾಧನೆಯಿಂದ ಅವರು ಆ ವಾದ್ಯವನ್ನು ವಶಮಾಡಿಕೊಂಡರು.

ಮುಂದೆ ಚೆಂಬೈ ವೈದ್ಯನಾಥ ಭಾಗವತರಂಥ ಮಹಾಗಾಯಕರಿಗೆ ಅವರು ಪಕ್ಕವಾದ್ಯ ನುಡಿಸಿದರು. ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಸಂಗೀತ ಕಲಾನಿಧಿ ಬಿರುದನ್ನಿತ್ತು ಗೌರವಿಸಿತು. 1967ರಲ್ಲಿ ಅವರು ಕಾಲವಾದರು. ಬೆಂಗಳೂರಿನ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನವನ್ನು ಇಂದಿಗೂ ಕಾಣಬಹುದು.

ಧ್ವನಿವರ್ಧಕಗಳು ಬಂದ ಮೇಲೆ ಏಳು ತಂತಿಯ ಅಗತ್ಯ ಕುಗ್ಗಿತು. ಇಂದಿನ ಬಹುತೇಕ ಕಲಾವಿದರು ನಾಲ್ಕು ತಂತಿಯ ಪಿಟೀಲನ್ನೇ ನುಡಿಸುತ್ತಾರೆ. ಆದುದರಿಂದ ಅವರ ಶ್ರಮ ವ್ಯರ್ಥವಾಯಿತೆನ್ನಬಹುದೆ? ಎಂದಿಗೂ ಇಲ್ಲ. ತಮ್ಮ ಕಾಲದ ಶ್ರೋತೃಗಳಿಗೆ ಬೇಕಾದುದನ್ನು ಅವರು ತಮ್ಮ ಕಾಲದಲ್ಲಿಯೇ ಒದಗಿಸಿದರು.

ವಿದ್ಯಾರ್ಥಿಗಳೇ, ಸಂಕ್ರಾಂತಿ ಬಂತೆಂದರೆ ಹೈದರಾಬಾದಿನ ಮಾಳಿಗೆಗಳ ಮೇಲೆ ನೀವೂ ಗಾಳಿಪಟಕ್ಕೆ ಸೂತ್ರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುವಿರಿ. ಪಟ ಏರದಿದ್ದರೆ ಗಾಳಿಯನ್ನು ದೂರದೆ ಸೂತ್ರವನ್ನು ತಿದ್ದುವಿರಿ. ಚೌಡಯ್ಯನವರ ಬುದ್ಧಿಯೂ ಅಂಥದೇ. ಆದರೆ ಒಂದು ಮಾತು ನೆನಪಿರಲಿ: ನಾಲ್ಕು ತಂತಿಗಳನ್ನು ಚೆನ್ನಾಗಿ ಬಲ್ಲವರಾದ ಮೇಲೆಯೇ ಅವರು ಐದನೆಯದಕ್ಕೆ ಕೈಯಿಟ್ಟರು.